ಬ್ರೇಕಿನೊಳಗಿನ ರಬ್ಬರು ಬಳೆ

ಯಂತ್ರವಾಹನಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ವೇಗದ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ವರ್ಷ ಯಾರು ಗಂಟೆಗೆ ಎಷ್ಟು ಮೈಲಿ ಓಡಿಸಿದರೆಂಬುದಕ್ಕೆ ಪುಟಗಟ್ಟಲೆ ದಾಖಲೆಯುಂಟು. ಓಡುತ್ತಿದ್ದುದನ್ನು ನಿಲ್ಲಿಸಲು ಹೆಣಗಿದವರ ಹೆಸರು ಮಾತ್ರ ಅಡಿಟಿಪ್ಪಣಿಗೆ ಇಳಿದಿದೆ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನಾನು ಬ್ರೇಕಿನ ಮಾತನ್ನು ಎತ್ತಿಕೊಂಡದ್ದು ಕೇಳುಗರಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಹಳೆಯ ಮೋಟಾರ್ ಸೈಕಲ್ಲಿನ ಮುಂಚಕ್ರದ ಡಿಸ್ಕ್ ಬ್ರೇಕನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಿದ ಮೇಲೆ, ಅದರ ಹಿಂದಿನ ಚರಿತ್ರೆಯನ್ನು ಅರಸದೆ ಇರುವುದು ನನ್ನಿಂದಾಗಲಿಲ್ಲ.

ಚಕ್ರದೊಡನೆ ತಿರುಗುವ ಉಕ್ಕಿನ ತಟ್ಟೆಯೊಂದು ಇರುತ್ತದೆ, ಅದೇ ಡಿಸ್ಕ್. ಅದರ ಅಂಚನ್ನು ಎರಡು ಪಕ್ಕದಿಂದಲೂ ಇಕ್ಕಳದಂತೆ ಅಮುಕಿ ಹಿಡಿಯುವ ಸಾಧನವೇ ಕ್ಯಾಲಿಪರ್. ಈ ಶಬ್ದ ಮೊದಲು ಕೈವಾರದಂಥ ಎರಡು ಕಾಲಿನ ಅಳತೆಯ ಉಪಕರಣಕ್ಕೆ ಸಲ್ಲುತ್ತಿತ್ತು. ಅದರ ಮೂಲವನ್ನು ಅಚ್ಚು ಎಂಬ ಅರ್ಥದ ಅರಬ್ಬಿ ಶಬ್ದಕ್ಕೆ ಒಯ್ಯುವ ನಿಘಂಟುಕಾರರಿದ್ದಾರೆ. ಅಳೆಯುವುದರ ಹೆಸರು ಹಿಡಿಯುವುದಕ್ಕೆ ಬಂದುದು ಅರ್ಥವ್ಯತ್ಯಾಸಕ್ಕೆ ಒಳ್ಳೆಯ ನಿದರ್ಶನ. ಪಾಠ ಹೇಳುತ್ತಿದ್ದ ಕಾಲದಲ್ಲಿ ನನಗಿದು ತಿಳಿದಿದ್ದರೆ ಬಳಸಿಕೊಳ್ಳುತ್ತಿದ್ದೆ.

ತಟ್ಟೆಯನ್ನು ಹಿಡಿದು ಚಕ್ರವನ್ನು ನಿಲ್ಲಿಸುವ ಉಪಾಯಕ್ಕೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಉಪಾಯ ಸರಿಯಾಗಿತ್ತು, ಆದರೆ ತಟ್ಟೆಗೆ ಉಜ್ಜುವ ಭಾಗಕ್ಕೆ ಅವನು ತಾಮ್ರವನ್ನು ಬಳಸಿದ್ದರಿಂದ ಕಿವಿಗಡಚಿಕ್ಕುವ ಕಿರಿಚಾಟವೆದ್ದಿತು. ಲೋಹಕ್ಕೆ ಲೋಹ ಹೊಂದಲಿಲ್ಲ. ನಡುವೆ ಮೆತ್ತಗಿನ ವಸ್ತುವೊಂದು ಬೇಕಾಗಿತ್ತು. ಡಿಸ್ಕ್ ಬ್ರೇಕಿನ ಮುಂದಿನ ಚರಿತ್ರೆಯೆಲ್ಲ ಈ ಮೆತ್ತಗಿನ ವಸ್ತುಗಳ ಚರಿತ್ರೆಯೆಂದೇ ನಾನು ತಿಳಿದಿದ್ದೇನೆ. ಉಕ್ಕನ್ನು ಎರೆಯುವುದು, ಕಡೆಯುವುದು ಆ ಕಾಲಕ್ಕೆ ಕರಗತವಾಗಿದ್ದ ವಿದ್ಯೆ. ಕಷ್ಟವಿದ್ದುದು ಬಟ್ಟೆ, ಚರ್ಮ, ಎಣ್ಣೆ, ರಬ್ಬರುಗಳಲ್ಲಿ.

ಡರ್ಬಿಶೈರಿನ ಗುಡ್ಡದ ದಾರಿಗಳಲ್ಲಿ ಗಾಡಿ ಹೊಡೆಯುವವರು ಇಳಿಜಾರಿನಲ್ಲಿ ಚಕ್ರವನ್ನು ತಡೆಯಲು ಮರದ ಕಟ್ಟೆಗೆ ಹಳೆಯ ಬೂಟುಗಳನ್ನು ಕಟ್ಟುತ್ತಿದ್ದರಂತೆ. ಅದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತನು 1897ರಲ್ಲಿ ಬ್ರೇಕಿನ ಹೊದಿಕೆಗಳನ್ನು ತಯಾರಿಸತೊಡಗಿದನೆಂಬ ಕಥೆ ಪ್ರಸಿದ್ಧವಾಗಿದೆ. ತನ್ನ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ, ಹೆಂಡತಿ ಎಲಿಜಬೆತ್ತಳ ಹೆಸರಿನ ಮೊದಲಕ್ಷರವನ್ನು ಸೇರಿಸಿ ಅವನು ತನ್ನ ಸರಕಿಗೆ ಫೆರೋಡೊ ಎಂದು ಹೆಸರಿಟ್ಟನು. ನಮ್ಮ ಚಿತ್ರಕವಿಗಳು ಮೆಚ್ಚುವಂಥ ಚಮತ್ಕಾರ. ಮೊದಲು ಹತ್ತಿಯ ನೂಲು. ಅದು ಕಾವಿಗೆ ಸೀದುಹೋಗುತ್ತಿದ್ದುದರಿಂದ ಆಮೇಲೆ ಕಲ್ನಾರು. ಕಲ್ನಾರಿನ ಧೂಳು ಶ್ವಾಸಕೋಶವನ್ನು ಕೊಲ್ಲುವುದೆಂಬ ಅರಿವು ಶಾಸನವಾಗಲು ಬಹಳ ಕಾಲ ಬೇಕಾಯಿತು. ಬ್ರಿಟನ್ನಿನಲ್ಲಿ ಪೂರ್ಣ ನಿಷೇಧ ಬಂದದ್ದು 1999ರಲ್ಲಿ. ಆದುದರಿಂದ ಹಳೆಯ ಗಾಡಿಯ ಪ್ಯಾಡುಗಳನ್ನು ತೆಗೆಯುವಾಗ ಗಾಳಿಯನ್ನು ಬಿಟ್ಟು ಧೂಳು ಹಾರಿಸುವ ಅಭ್ಯಾಸವನ್ನು ಬಿಟ್ಟು, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಕೈಯ ಒತ್ತಡವನ್ನು ಚಕ್ರದವರೆಗೆ ಮುಟ್ಟಿಸುವ ಬಗೆ ಹೇಗೆ? ಮುಚ್ಚಿದ ಪಾತ್ರೆಯೊಳಗಿನ ದ್ರವ ತನ್ನ ಮೇಲೆ ಬಿದ್ದ ಒತ್ತಡವನ್ನು ಎಲ್ಲ ದಿಕ್ಕಿಗೂ ಸಮನಾಗಿ ಹಂಚುತ್ತದೆಂಬ ಪಾಸ್ಕಲನ ಸಿದ್ಧಾಂತ ಅವನು ತೀರಿಕೊಂಡ ಮರುವರ್ಷ, ಎಂದರೆ 1663ರಲ್ಲಿ, ಅಚ್ಚಾಯಿತು. ಹಿಡಿಯ ಬಳಿಯ ಪಿಸ್ಟನ್ನಿನ ವ್ಯಾಸ 14 ಮಿಲಿಮೀಟರ್, ಚಕ್ರದ ಬಳಿಯದು 42 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ವ್ಯಾಸ 3 ಪಟ್ಟಾದರೆ ವಿಸ್ತೀರ್ಣ 9 ಪಟ್ಟು, ಬಲವೂ ಅಷ್ಟೇ. ಇದನ್ನು ಮೋಟಾರು ವಾಹನಕ್ಕೆ ಅಳವಡಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕು ಬಂದಿತು. ಮೊದಮೊದಲು ದ್ರವ ಸೋರದಂತೆ ತಡೆಯಲು ಚರ್ಮದ ಬಟ್ಟಲುಗಳಿದ್ದವು, ಅವು ಸೋರಿದವು. 1924ರ ಕ್ರೈಸ್ಲರ್ ಕಾರಿನ ಹೊತ್ತಿಗೆ ಆ ಸ್ಥಾನಕ್ಕೆ ರಬ್ಬರು ಬಂದಿತು. ಸಾಮಾನ್ಯ ಯಂತ್ರದ ಎಣ್ಣೆ ತಗಲಿದರೆ ಈ ರಬ್ಬರು ಉಬ್ಬಿಹೋಗುತ್ತದೆ. ಆದ್ದರಿಂದ ಆ ಕಾಲದ ಬ್ರೇಕುಗಳಲ್ಲಿ ತುಂಬುತ್ತಿದ್ದುದು ಮದ್ಯಸಾರ ಬೆರೆಸಿದ ಹರಳೆಣ್ಣೆ. ನಮ್ಮ ಅಜ್ಜಿಯರು ತಲೆಗೆ ತಟ್ಟುತ್ತಿದ್ದ, ಮಕ್ಕಳಿಗೆ ಮೂಗು ಹಿಡಿದು ಕುಡಿಸುತ್ತಿದ್ದ ಅದೇ ಹರಳೆಣ್ಣೆ!

ಮುಂದಿನದನ್ನು ಬೇಗ ಹೇಳಿಬಿಡಬಹುದು. 1953ರಲ್ಲಿ ಲ ಮಾನ್ಸ್ ಪಂದ್ಯವನ್ನು ಜಾಗ್ವಾರ್ ಕಾರು ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದಿತು. 1962ರಲ್ಲಿ ಇಟಲಿಯ ಲ್ಯಾಂಬ್ರೆಟಾ ಸ್ಕೂಟರೊಂದಕ್ಕೆ ತಂತಿಯಿಂದ ಎಳೆಯುವ ಡಿಸ್ಕ್ ಬಂದಿತು. ಮೋಟಾರ್ ಸೈಕಲ್ಲಿನ ಮಟ್ಟಿಗೆ ಯುಗ ಬದಲಾದುದು 1969ರ ಹೋಂಡಾ ಸಿಬಿ 750ರಿಂದ. ಗಂಟೆಗೆ ಸುಮಾರು 200 ಕಿಲೋಮೀಟರ್ ಓಡಬಲ್ಲ ಆ ಭಾರಿ ಗಾಡಿಗೆ ಡ್ರಮ್ಮೋ ಡಿಸ್ಕೋ ಎಂಬ ಪ್ರಶ್ನೆಯನ್ನು ಯೋಜನೆಯ ನಾಯಕ ಯೋಶಿರೋ ಹರಾದ ಅವರು ಸೋಯಿಚಿರೋ ಹೋಂಡಾ ಅವರ ಮುಂದಿಟ್ಟಾಗ, ಹೋಂಡಾ ಹಿಂದುಮುಂದು ನೋಡದೆ ಡಿಸ್ಕನ್ನೇ ಆರಿಸಿದರು.

ಕ್ಯಾಲಿಪರಿನ ಒಳಗೆ ಪಿಸ್ಟನ್ನನ್ನು ಸುತ್ತುವರಿದು, ಗಾಡಿಯಲ್ಲಿ ಕುಳಿತಿರುವ ಒಂದು ರಬ್ಬರು ಬಳೆಯಿದೆ. ಅಡ್ಡಕೊಯ್ದು ನೋಡಿದರೆ ಅದು ದುಂಡಗಿರದೆ ಚೌಕವಾಗಿ ಕಾಣುತ್ತದೆ. ಹಿಡಿಯನ್ನು ಅಮುಕಿದಾಗ ಪಿಸ್ಟನ್ ಮುಂದೆ ಸರಿಯುತ್ತದೆ; ಬಳೆ ಅದನ್ನು ಬಿಡದೆ ತಾನೂ ಕೊಂಚ ಓರೆಯಾಗುತ್ತದೆ. ಹಿಡಿಯನ್ನು ಬಿಟ್ಟೊಡನೆ ಬಳೆ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಸೆಳೆಯುತ್ತದೆ. ಪಿಸ್ಟನ್ನನ್ನು ಹಿಂದಕ್ಕೆ ತರಲು ಬೇರೆ ಸ್ಪ್ರಿಂಗ್ ಇಲ್ಲ. ಸೋರದಂತೆ ತಡೆಯುವುದು, ಹಿಂದಕ್ಕೆ ಎಳೆಯುವುದು, ಪ್ಯಾಡು ಸವೆದಂತೆಲ್ಲ ಪಿಸ್ಟನ್ನನ್ನು ಮುಂದೆ ಜಾರಗೊಡುವುದು, ಈ ಮೂರನ್ನೂ ಕೆಲವೇ ರೂಪಾಯಿಯ ಒಂದು ಬಳೆ ಮಾಡುತ್ತದೆ.

ನಮ್ಮ ನಾಡಿಗೆ ಈ ಬಳೆಯ ತೊಂದರೆ ತಡವಾಗಿ ಬಂದಿತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಿದ್ದ ಜಾವಾ, ಯೆಜ್ಡಿ ಗಾಡಿಗಳದೆಲ್ಲ ಡ್ರಮ್ ಬ್ರೇಕು. ತಂತಿ ಸಡಿಲವಾದರೆ ತಿರುಪನ್ನು ಎರಡು ಸುತ್ತು ಬಿಗಿದರಾಯಿತು. ಸೋರುವುದಕ್ಕೆ ಅಲ್ಲಿ ಏನೂ ಇರಲಿಲ್ಲ. 1999ರ ಹೀರೋ ಹೋಂಡಾ ಸಿಬಿಝಡ್, 2001ರ ಬಜಾಜ್ ಪಲ್ಸರ್‌ಗಳ ಮೂಲಕ ಡಿಸ್ಕ್ ನಮ್ಮ ಬೀದಿಗಳಲ್ಲಿ ರೂಢಿಯಾಯಿತು. ಆ ಗಾಡಿಗಳಿಗೀಗ ಇಪ್ಪತ್ತು ವರ್ಷ ಕಳೆದಿದೆ. ನಿಂತಲ್ಲೇ ನಿಂತ ಗಾಡಿಯ ಬ್ರೇಕು ಓಡುವ ಗಾಡಿಯದಕ್ಕಿಂತ ಬೇಗ ಕೆಡುವುದುಂಟು. ಹರಳೆಣ್ಣೆಯ ಸ್ಥಾನಕ್ಕೆ ಬಂದ ಇಂದಿನ ಬ್ರೇಕ್ ಆಯಿಲ್ ಗಾಳಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದೇ ತೇವ ಅಲ್ಯುಮಿನಿಯಮ್ಮನ್ನು ತಿಂದು, ಬಳೆಯ ಹಿಂದಿನ ಗಾಡಿಯಲ್ಲಿ ಬಿಳಿಯ ಗಟ್ಟಿ ಪುಡಿಯಾಗಿ ಕೂರುತ್ತದೆ. ಜಾಗ ಕಡಿಮೆಯಾಗಿ ಬಳೆ ಪಿಸ್ಟನ್ನನ್ನು ಅವುಚಿಕೊಳ್ಳುತ್ತದೆ. ಆಗ ಬ್ರೇಕು ಹಿಡಿಯುತ್ತದೆ, ಬಿಡುವುದಿಲ್ಲ.

ನನ್ನ ಅಣ್ಣನ ಮಗನ ಹಳೆಯ ಪಲ್ಸರಿಗೆ ಆದದ್ದು ಇದೇ. ಅವನು ಮೊದಲು ಗಾಡಿ ಕೊಟ್ಟ ಗ್ಯಾರೇಜಿನಲ್ಲಿ ಪಿಸ್ಟನ್ ಸಲೀಸಾಗಲೆಂದು ಬಳೆಗೆ ಎಂಜಿನ್ ಆಯಿಲ್ ಸವರಿ ಕೂರಿಸಿದರು. ವಾರ ಕಳೆಯುವುದರೊಳಗೆ, ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಮುಂಚಕ್ರ ತಾನೇ ತಾನಾಗಿ ಹಿಡಿಯತೊಡಗಿ, ತಟ್ಟೆ ಕಾದು, ದ್ರವ ಕುದಿದು, ಬ್ರೇಕಿನ ಹಿಡಿ ಬೆಣ್ಣೆಯಂತೆ ಒಳಕ್ಕೆ ಹೋಯಿತು. ಹಿಂದಿನ ಬ್ರೇಕಿತ್ತು, ರಸ್ತೆ ಬರಿದಾಗಿತ್ತು, ಹುಡುಗ ಉಳಿದ.

ಆಮೇಲೆ ನಮ್ಮ ಬಡಾವಣೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ನನ್ನೆದುರಿಗೇ ಬಿಚ್ಚಿದರು. "ಇದಕ್ಕೆ ಎಂಜಿನ್ ಆಯಿಲ್ ಮುಟ್ಟಿಸಬಾರದು ಮೇಷ್ಟ್ರೇ, ಊದಿಕೊಂಡುಬಿಡುತ್ತೆ" ಎಂದು ಆ ಬಳೆಯನ್ನು ನನ್ನ ಅಂಗೈಯಲ್ಲಿಟ್ಟರು. ಹೊಸತರ ಪಕ್ಕದಲ್ಲಿಟ್ಟು ನೋಡಿದರೆ ಅದು ಕಣ್ಣಿಗೇ ಕಾಣುವಷ್ಟು ದಪ್ಪಗಾಗಿತ್ತು. 1920ರ ದಶಕದಲ್ಲಿಯೇ ತಿಳಿದಿದ್ದ ವಿಷಯ ನೂರು ವರ್ಷದ ಮೇಲೂ ಒಂದು ಗ್ಯಾರೇಜನ್ನು ತಲುಪಿರಲಿಲ್ಲವೆಂದರೆ ಏನನ್ನೋಣ!

ಅವರ ಕೈಚಳಕವನ್ನು ಹೇಳಲೇಬೇಕು. ಕೊಳವೆಯನ್ನು ಕಳಚುವ ಮುನ್ನವೇ ಹಿಡಿಯನ್ನು ಮೆಲ್ಲಮೆಲ್ಲನೆ ಅಮುಕಿ, ದ್ರವದ ಒತ್ತಡದಿಂದಲೇ ಪಿಸ್ಟನ್ನನ್ನು ಹೊರಗೆ ಬರಿಸಿದರು. ಇಕ್ಕಳ ಹಾಕಿದರೆ ಅದರ ಹೊಳಪಿನ ಮೈ ಗೀರುತ್ತದೆ. ಬಳೆಗಳು ಎರಡು: ಒಳಗಿನದು ದ್ರವಕ್ಕೆ, ಹೊರಗಿನದು ಧೂಳಿಗೆ. ಅವುಗಳನ್ನು ಬಿದಿರಿನ ಕಡ್ಡಿಯಿಂದ ಎಬ್ಬಿಸಿದರು. ಗಾಡಿಯನ್ನು ಕೆರೆಯುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಬಿಳಿಯ ಪುಡಿ ಒಂದಿಷ್ಟು ಉಳಿದರೂ ಹೊಸ ಬಳೆ ಹಾಕಿ ಪ್ರಯೋಜನವಿಲ್ಲವೆಂದರು. ಪಿಸ್ಟನ್ನಿನ ಮೈಯಲ್ಲಿ ತುಕ್ಕಿನ ಗುಳಿ ಕಂಡುದರಿಂದ ಅದನ್ನೂ ಬದಲಿಸಿದರು. ಹೊಸ ಬಳೆಗಳನ್ನು ಹೊಸ ಬ್ರೇಕ್ ಆಯಿಲಿನಲ್ಲಿ ಮಾತ್ರ ಅದ್ದಿ ಕೂರಿಸಿ, ಪಿಸ್ಟನ್ನನ್ನು ಎರಡು ಹೆಬ್ಬೆರಳಿನಿಂದ ನೆಟ್ಟಗೆ ಒಳಕ್ಕೊತ್ತಿದರು. ಕ್ಯಾಲಿಪರ್ ಪಕ್ಕಕ್ಕೆ ಸರಿದಾಡುವ ಪಿನ್ನುಗಳಿಗೆ ರಬ್ಬರನ್ನು ಕೆಡಿಸದ ಬೇರೆಯದೇ ಗ್ರೀಸು.

ಕೊನೆಗೆ ಏರ್ ತೆಗೆಯುವ ಕೆಲಸ. ದ್ರವದ ನಡುವೆ ಸಿಕ್ಕಿದ ಗಾಳಿ ಒತ್ತಿದಷ್ಟೂ ಕುಗ್ಗುವುದರಿಂದ ಪಾಸ್ಕಲನ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಅಣ್ಣನ ಮಗ ಹಿಡಿಯನ್ನು ಅಮುಕಿ ಹಿಡಿಯುವುದು, ಅವರು ತಿರುಪನ್ನು ಸಡಿಲಿಸಿ ಮತ್ತೆ ಬಿಗಿಯುವುದು, ಅನಂತರವೇ ಹಿಡಿಯನ್ನು ಬಿಡುವುದು. ಹೀಗೆ ಇಪ್ಪತ್ತು ಮೂವತ್ತು ಸಲ ನಡೆಯಿತು. ಸಣ್ಣ ಪಾರದರ್ಶಕ ಕೊಳವೆಯಲ್ಲಿ ಮೊದಲು ಕಾಫಿಯ ಬಣ್ಣದ ದ್ರವ ಬಂದಿತು, ಆಮೇಲೆ ಗುಳ್ಳೆ ಬೆರೆತದ್ದು, ಆಮೇಲೆ ತಿಳಿಯಾದದ್ದು. ಗುಳ್ಳೆ ಪೂರ್ತಿ ನಿಂತ ಮೇಲೂ ಅವರು ಮತ್ತೆ ಐದಾರು ಸಲ ಮಾಡಿಸಿ, ಮುಂಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಿ ನೋಡಿದರು.