ಮಂತ್ರಿಗಳು ಸದನದಲ್ಲಿ ಏನು ಮಾಡಿದರು? ಒಂದು ಹಳೆಯ ಲೆಕ್ಕ

ಹೋದ ತಿಂಗಳು ಮಾಟುಂಗಾದಲ್ಲಿ ಪರಿಚಿತರೊಬ್ಬರ ಮಗಳ ನಿಶ್ಚಿತಾರ್ಥ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ನಾಲ್ಕು ಜನ ಕೂತಿದ್ದೆವು. ಮುಂಬೈನಲ್ಲಿ ನಾಲ್ಕು ಜನ ಕನ್ನಡಿಗರು ಕೂತರೆ ಮೊದಲು ಊರಿನ ಮಳೆ, ಆಮೇಲೆ ರಾಜಕೀಯ. ಗೆಳೆಯರೊಬ್ಬರು ಮೊಬೈಲ್ ತೆಗೆದು ಸಂಸದರ ಸಾಧನೆಯ ಪಟ್ಟಿಯೊಂದನ್ನು ತೋರಿಸಿದರು. "ನೋಡ್ರಿ ಇಲ್ಲಿ, ಈ ಮನಷ್ಯಾ ಐದು ವರ್ಷದಾಗ ಒಂದ ಪ್ರಶ್ನೆ ಕೇಳಿಲ್ಲ. ಹಾಜರಿ ಕಾಲಂನೂ ಖಾಲಿ!" ಅಂದರು. ಹೆಸರು ನೋಡಿದೆ. "ಅಲ್ರೀ, ಅವರು ಮಂತ್ರಿ ಆಗಿದ್ರಲ್ಲ. ಮಂತ್ರಿ ಪ್ರಶ್ನೆ ಕೇಳೂದಿಲ್ಲ, ಉತ್ತರ ಕೊಡ್ತಾರ" ಅಂದೆ. "ಹಂಗಾದ್ರ ಮಂತ್ರಿಗಳ ಲೆಕ್ಕಾ ಹ್ಯಾಂಗ ಹಿಡೀಬೇಕು ನಾವು?" ಅಂದರು ಅವರು. ಆಗ ನನ್ನ ಬಾಯಿಂದ ಸರಿಯಾದ ಉತ್ತರ ಬರಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅದಕ್ಕೇ ಈ ಬರಹ.

ಮೊದಲು ವ್ಯವಸ್ಥೆ ಏನು ಅಂತ ನೋಡೋಣ. ಮಂತ್ರಿಗಳು ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕಿಲ್ಲ. ಬೇರೆ ಮಂತ್ರಿಗೆ ಪ್ರಶ್ನೆ ಹಾಕುವ ಪದ್ಧತಿಯೂ ಇಲ್ಲ, ಏಕೆಂದರೆ ಇಡೀ ಮಂತ್ರಿಮಂಡಲಕ್ಕೆ ಒಂದೇ ಬಾಯಿ. ಖಾಸಗಿ ಸದಸ್ಯರ ಮಸೂದೆಯನ್ನೂ ಅವರು ತರುವಂತಿಲ್ಲ. ಹೀಗಾಗಿ ಸಾಮಾನ್ಯ ಸಂಸದರನ್ನು ಅಳೆಯುವ ಯಾವ ಕೋಲೂ ಮಂತ್ರಿಗೆ ಹೊಂದುವುದಿಲ್ಲ. ಮಂತ್ರಿಯ ಲೆಕ್ಕ ಇರುವುದು ಅವರ ಉತ್ತರಗಳಲ್ಲಿ. ನಕ್ಷತ್ರ ಗುರುತಿನ ಪ್ರಶ್ನೆಯಾದರೆ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಲೋಕಸಭೆಯಲ್ಲಿ ಇಂಥವು ದಿನಕ್ಕೆ 20. ಗುರುತಿಲ್ಲದ ಪ್ರಶ್ನೆಗಳು ದಿನಕ್ಕೆ 230ರ ತನಕ, ಅವಕ್ಕೆ ಬರವಣಿಗೆಯಲ್ಲಿ ಉತ್ತರ. "ಪರಿಶೀಲಿಸುತ್ತೇವೆ", "ಮಾಹಿತಿ ಸಂಗ್ರಹಿಸಿ ಸದನದ ಮುಂದಿಡುತ್ತೇವೆ" ಎಂಬ ಮಾತು ಬಂದರೆ ಅದು ಭರವಸೆ. ಅದರ ಬೆನ್ನು ಹತ್ತಲು 1953ರಿಂದಲೂ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ.

ಇಷ್ಟು ಹೇಳಿದರೆ ಕಾನೂನು ಪುಸ್ತಕದ ಪಾಠದಂತಾಗುತ್ತದೆ. ನಿಜವಾದ ಮಂತ್ರಿಯೊಬ್ಬರ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟಾಗ ಏನಾಯಿತು ಎಂಬ ಕಥೆ ಹೇಳಿದರೆ ಚೆನ್ನಾಗಿ ತಿಳಿಯುತ್ತದೆ. ಕಥೆಯ ಕೊನೆಯ ಅಂಕ ನಡೆದದ್ದೂ ನಮ್ಮ ಮುಂಬೈನಲ್ಲೇ.

ಮಂತ್ರಿಯ ಹೆಸರು ಟಿ.ಟಿ. ಕೃಷ್ಣಮಾಚಾರಿ. ಟಿ.ಟಿ.ಕೆ. ಅಂದರೆ ನಿಮ್ಮ ಮನೆಯವರಿಗೂ ಗೊತ್ತು, ಪ್ರೆಸ್ಟೀಜ್ ಕುಕ್ಕರಿನ ಟಿ.ಟಿ.ಕೆ. ಬಳಗವನ್ನು 1928ರಲ್ಲಿ ಶುರು ಮಾಡಿದವರು ಇವರೇ. ಸಂವಿಧಾನದ ಕರಡು ಸಮಿತಿಯಲ್ಲಿದ್ದವರು, ಬುದ್ಧಿವಂತರು, ಮಾತಿನಲ್ಲಿ ಚೂಪು. 1956ರಲ್ಲಿ ಹಣಕಾಸು ಮಂತ್ರಿಯಾದರು. ಸಂಪತ್ತು ತೆರಿಗೆ, ವೆಚ್ಚ ತೆರಿಗೆ ಎರಡನ್ನೂ 1957ರಲ್ಲಿ ತಂದವರು.

ಎದುರಿಗಿದ್ದವರು ಫಿರೋಜ್ ಗಾಂಧಿ. ಅದೇ ಕಾಂಗ್ರೆಸ್ಸಿನ ಸಂಸದ, ರಾಯಬರೇಲಿಯಿಂದ ಆರಿಸಿ ಬಂದವರು, ಮೇಲಾಗಿ ಪ್ರಧಾನಿ ನೆಹರೂ ಅವರ ಅಳಿಯ. ಮೊದಲ ಕೆಲವು ವರ್ಷ ಸದನದಲ್ಲಿ ಹೆಚ್ಚು ಮಾತಾಡಿದವರಲ್ಲ. 1955ರ ಡಿಸೆಂಬರಿನಲ್ಲಿ ಖಾಸಗಿ ವಿಮಾ ಕಂಪೆನಿಯೊಂದರಲ್ಲಿ ಪಾಲಿಸಿದಾರರ ಹಣ ಹೇಗೆ ಮಾಲೀಕರ ಬೇರೆ ವ್ಯವಹಾರಗಳಿಗೆ ಹರಿಯುತ್ತಿದೆ ಎಂದು ಅಂಕಿ ಸಮೇತ ಬಿಡಿಸಿಟ್ಟರು. ಮರುತಿಂಗಳೇ, ಅಂದರೆ 1956ರ ಜನವರಿಯಲ್ಲಿ, ಸರ್ಕಾರ ಸುಗ್ರೀವಾಜ್ಞೆ ತಂದು ಜೀವವಿಮೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 245 ವಿಮಾ ಕಂಪೆನಿ ಮತ್ತು ಸಂಘಗಳು ಸೇರಿ 1956ರ ಸೆಪ್ಟೆಂಬರ್ 1ರಂದು ಎಲ್‌ಐಸಿ ಆಯಿತು, ಮುಂಬೈ ಅದರ ಕೇಂದ್ರವಾಯಿತು.

ನನ್ನ ಅಜ್ಜ ಧಾರವಾಡ ಜಿಲ್ಲೆಯಲ್ಲಿ ಕನ್ನಡ ಶಾಲೆಯ ಮಾಸ್ತರರು. ಅವರ ಪಾಲಿಸಿಯೂ ಹಾಗೆಯೇ ಖಾಸಗಿ ಕಂಪೆನಿಯಿಂದ ಎಲ್‌ಐಸಿಗೆ ಬಂದದ್ದು. ಅದೇ 1956ರ ನವೆಂಬರಿನಲ್ಲಿ ಧಾರವಾಡ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ಎರಡು ತಿಂಗಳಲ್ಲಿ ವಿಮೆಯೂ ಬದಲಾಯಿತು, ರಾಜ್ಯವೂ ಬದಲಾಯಿತು ಅಂತ ಅಜ್ಜ ನಗುತ್ತಿದ್ದರಂತೆ. ಪ್ರೀಮಿಯಂ ಮಾತ್ರ ತಪ್ಪದೆ ಕಟ್ಟಿದರು. ಇಂಥ ಮಾಸ್ತರರು, ಕಾರಕೂನರು, ಗುಮಾಸ್ತರು ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣ ಅದು ಎಂಬುದನ್ನು ಮುಂದಿನ ಕಥೆ ಓದುವಾಗ ಮರೆಯಬೇಡಿ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸದನದಲ್ಲಿ ಆಡಿದ ಮಾತಿಗೆ ಸದಸ್ಯರಿಗೆ ರಕ್ಷಣೆ ಇತ್ತು. ಆದರೆ ಅದನ್ನು ಅಚ್ಚು ಹಾಕಿದ ಪತ್ರಿಕೆಗೆ ಅಂಥ ಕಾಯ್ದೆಯ ಬಲ ಇರಲಿಲ್ಲ, ಮಾನನಷ್ಟದ ಭಯ ಇದ್ದೇ ಇತ್ತು. ಸಂಸತ್ತಿನ ಕಲಾಪದ ನಿಷ್ಠ ವರದಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ಖಾಸಗಿ ಸದಸ್ಯರ ಮಸೂದೆಯಾಗಿ ತಂದು 1956ರಲ್ಲಿ ಪಾಸು ಮಾಡಿಸಿದವರೂ ಫಿರೋಜ್ ಗಾಂಧಿಯೇ. ಮಂತ್ರಿ ಏನಂದರು ಅಂತ ಜನ ತಿಳಿಯಬೇಕಾದರೆ ಮೊದಲು ಪತ್ರಿಕೆ ಧೈರ್ಯವಾಗಿ ಬರೆಯುವಂತಾಗಬೇಕಲ್ಲ.

ಈಗ 1957ರ ಜೂನ್. ಹರಿದಾಸ್ ಮುಂಧ್ರಾ ಎಂಬ ಕಲ್ಕತ್ತೆಯ ಷೇರು ವ್ಯವಹಾರಸ್ಥ ಸಾಲದಲ್ಲಿ ಮುಳುಗಿದ್ದ. ಅವನ ಹಿಡಿತದಲ್ಲಿದ್ದ ಆರು ಕಂಪೆನಿಗಳ ಷೇರುಗಳನ್ನು ಎಲ್‌ಐಸಿ ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತು. ಕಾನ್ಪುರದ ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್, ಜೆಸಪ್, ನಮ್ಮ ಬೈಕಲಾದ ರಿಚರ್ಡ್‌ಸನ್ ಅಂಡ್ ಕ್ರೂಡಾಸ್ ಇವೆಲ್ಲ ಆ ಪಟ್ಟಿಯಲ್ಲಿದ್ದವು. ಹಣ ಎಲ್ಲಿ ಹೂಡಬೇಕೆಂದು ಸಲಹೆ ಕೊಡಲು ಎಲ್‌ಐಸಿಯಲ್ಲಿ ಹೂಡಿಕೆ ಸಮಿತಿ ಇತ್ತು. ಅದನ್ನು ಮೊದಲು ಕೇಳಲೇ ಇಲ್ಲ. ಬ್ಯಾಂಕಿನಲ್ಲಿ ಸಾಲ ಮಂಜೂರಾತಿ ಸಮಿತಿಯನ್ನು ಬದಿಗಿಟ್ಟು ಚೆಕ್ ಬರೆದುಕೊಟ್ಟ ಹಾಗೆ! ಅಷ್ಟು ದೊಡ್ಡ ಬಾಬತ್ತಿಗೆ ಹಾಗೆ ಮಾಡಿದರೆ ನಮ್ಮಂಥವರ ಕೆಲಸ ಉಳಿಯುತ್ತದೆಯೇ?

ಸದನದಲ್ಲಿ ಪ್ರಶ್ನೆ ಎದ್ದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಕೇಳಿದವರಲ್ಲಿ ಮುಖ್ಯರು ರಾಮ್ ಸುಭಗ್ ಸಿಂಗ್, ಅವರೂ ಕಾಂಗ್ರೆಸ್ಸಿಗರೇ. ಉತ್ತರ ಬಂತು, ಪೂರ್ಣ ಚಿತ್ರ ಬರಲಿಲ್ಲ. ನವೆಂಬರಿನಲ್ಲಿ ಮತ್ತೆ ಪ್ರಶ್ನೆ, ಫಿರೋಜ್ ಗಾಂಧಿಯವರ ಉಪಪ್ರಶ್ನೆಗಳು. ಮತ್ತೆ ಸ್ವಲ್ಪ ವಿವರ ಹೊರಬಿತ್ತು. ಕೇಳಿದಷ್ಟಕ್ಕೇ ಉತ್ತರ, ಕೇಳದ್ದನ್ನು ಹೇಳುವುದಿಲ್ಲ. ಆಡಿಟ್‌ಗೆ ಬಂದವರ ಎದುರು ಕೆಲವರು ಕೂರುವ ರೀತಿ ನಮಗೆ ಗೊತ್ತಲ್ಲ, ಅದೇ ಥರ.

ಫಿರೋಜ್ ಗಾಂಧಿ ಮಾಡಿದ್ದು ಬಹಳ ಸರಳವಾದ ಕೆಲಸ. ಮಂತ್ರಾಲಯದ ಉತ್ತರಗಳನ್ನು ಒಂದು ಬದಿಗೆ ಇಟ್ಟರು, ಷೇರುಪೇಟೆಯ ದರಗಳನ್ನು, ಕಂಪೆನಿಗಳ ಸ್ಥಿತಿಗತಿಯನ್ನು ಇನ್ನೊಂದು ಬದಿಗೆ. ನಾವು ರೀಕನ್ಸಿಲಿಯೇಷನ್ ಅನ್ನುತ್ತೇವೆ, ನಮ್ಮ ಪುಸ್ತಕ ಅವರ ಪುಸ್ತಕ ತಾಳೆ ನೋಡುವುದು. ತಾಳೆ ಆಗಲಿಲ್ಲ. 1957ರ ಡಿಸೆಂಬರ್ 16ರಂದು ಲೋಕಸಭೆಯಲ್ಲಿ ಎದ್ದು ನಿಂತು, ಪೇಟೆಯ ದರಕ್ಕಿಂತ ಹೆಚ್ಚು ಕೊಟ್ಟು ಷೇರು ಕೊಂಡದ್ದೇಕೆ, ಇಂಥ ಮನುಷ್ಯನಿಗೆ ಪಾಲಿಸಿದಾರರ ಹಣ ಯಾಕೆ ಎಂದು ಒಂದೊಂದಾಗಿ ಕೇಳಿದರು. ಮಾವನೇ ಪ್ರಧಾನಿಯಾಗಿ ಎದುರಿಗಿದ್ದಾಗ ಅವರದೇ ಸಂಪುಟದ ಹಿರಿಯ ಮಂತ್ರಿಯನ್ನು ಹೀಗೆ ಕೇಳುವುದು ಸಣ್ಣ ಮಾತೇ? ಕೊನೆಗೆ ಸರ್ಕಾರ ತನಿಖೆಗೆ ಒಪ್ಪಿತು.

ತನಿಖೆಗೆ ಏಕಸದಸ್ಯ ಆಯೋಗ, ಮುಂಬೈ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರದು. ಛಾಗ್ಲಾ ಅವರು ಬಾಗಿಲು ಮುಚ್ಚಿ ವಿಚಾರಣೆ ಮಾಡಲಿಲ್ಲ. 1958ರ ಜನವರಿಯಲ್ಲಿ ಮುಂಬೈನಲ್ಲಿ ಬಹಿರಂಗವಾಗಿ ನಡೆಸಿದರು. ಜನ ಎಷ್ಟು ಸೇರಿದರೆಂದರೆ ಒಳಗೆ ಜಾಗ ಸಾಲದೆ, ಹೊರಗಿದ್ದವರಿಗೂ ಕೇಳಲೆಂದು ಧ್ವನಿವರ್ಧಕ ಹಾಕಿದರು. ಹಣಕಾಸು ಮಂತ್ರಿ ಬಂದು ಸಾಕ್ಷಿ ಹೇಳಿದರು. ಹಣಕಾಸು ಕಾರ್ಯದರ್ಶಿ ಎಚ್.ಎಂ. ಪಟೇಲ್, ರಿಸರ್ವ್ ಬ್ಯಾಂಕ್ ಗವರ್ನರ್ ಎಚ್.ವಿ.ಆರ್. ಅಯ್ಯಂಗಾರ್ ಕೂಡ ಬಂದರು. ಒಪ್ಪಿಗೆ ಕೊಟ್ಟವರು ಯಾರು ಎಂಬುದೇ ದೊಡ್ಡ ಜಗಳ. ನನ್ನ ಒಪ್ಪಿಗೆ ಇರಲಿಲ್ಲ ಎಂಬ ಧಾಟಿ ಮಂತ್ರಿಯದು, ಮಂತ್ರಿಗೆ ತಿಳಿದೇ ಆದದ್ದು ಎಂಬ ಧಾಟಿ ಕಾರ್ಯದರ್ಶಿಯದು. ಬರಹದಲ್ಲಿ ಯಾವುದೂ ಇರಲಿಲ್ಲ. ಎಲ್‌ಐಸಿ ಕಾಯ್ದೆಯ ಪ್ರಕಾರ ಸರ್ಕಾರ ನಿಗಮಕ್ಕೆ ನಿರ್ದೇಶನ ಕೊಡುವುದಾದರೆ ಬರಹದಲ್ಲೇ ಕೊಡಬೇಕು.

ಫೆಬ್ರುವರಿ ಮುಗಿಯುವುದರೊಳಗೆ ವರದಿ ಬಂದು ತೀರ್ಮಾನವೂ ಆಗಿಹೋಯಿತು. ಛಾಗ್ಲಾ ಹೇಳಿದ್ದರ ಸಾರ ಇಷ್ಟು: ಕಾರ್ಯದರ್ಶಿ ಮಾಡಿದ ಕೆಲಸಕ್ಕೆ ಮಂತ್ರಿಯೇ ಹೊಣೆ. ನನಗೆ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವಂತಿಲ್ಲ. ಎಲ್‌ಐಸಿಯ ಹಣ ಪಾಲಿಸಿದಾರರ ಹಿತಕ್ಕೇ ಬಳಕೆಯಾಗಬೇಕು. ಇನ್ನೊಂದು ಮಾತಿದೆ, ಪತ್ರಿಕೆಗಳಲ್ಲಿ ಅಷ್ಟಾಗಿ ನೆನಪಿಸಿಕೊಳ್ಳದ್ದು: ಮಂತ್ರಿಗಳು ಆರಂಭದಲ್ಲೇ ಸಂಸತ್ತನ್ನು ವಿಶ್ವಾಸಕ್ಕೆ ತೆಗೆದುಕೊಂಡು ಎಲ್ಲ ಸಂಗತಿಗಳನ್ನೂ ಮುಂದಿಡಬೇಕು, ಇಲ್ಲದಿದ್ದರೆ ಬೇರೆ ಮೂಲದಿಂದ ಸುದ್ದಿ ಬಂದಾಗ ಮುಜುಗರ ತಪ್ಪದು. ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುಳು ಇದೇ. ಸೆಪ್ಟೆಂಬರಿನ ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಿದ್ದರೆ ಡಿಸೆಂಬರ್ 16 ಬರುತ್ತಲೇ ಇರಲಿಲ್ಲವೇನೋ.

1958ರ ಫೆಬ್ರುವರಿಯಲ್ಲಿ ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಬಜೆಟ್ಟಿಗೆ ಕೆಲವೇ ದಿನ! ಫೆಬ್ರುವರಿ 28ರಂದು ನೆಹರೂ ಅವರೇ ಬಜೆಟ್ ಮಂಡಿಸಬೇಕಾಯಿತು. ಮುಂಧ್ರಾ ಜೈಲು ಸೇರಿದ.

ಈಗ ನಮ್ಮ ಗೆಳೆಯರ ಮೊಬೈಲ್ ಪಟ್ಟಿಗೆ ಬನ್ನಿ. 1957ರಲ್ಲಿ ಅಂಥದ್ದೊಂದು ಪಟ್ಟಿ ಇದ್ದಿದ್ದರೆ ಟಿ.ಟಿ.ಕೆ. ಅವರಿಗೆ ಎಷ್ಟು ಅಂಕ ಬರುತ್ತಿತ್ತು? ಸದನಕ್ಕೆ ಬರುತ್ತಿದ್ದರು, ಬಜೆಟ್ ಮಂಡಿಸಿದ್ದರು, ಮಸೂದೆಗಳನ್ನು ಪಾಸು ಮಾಡಿಸಿದ್ದರು, ಪ್ರಶ್ನೆಗಳಿಗೆ ಉತ್ತರವೂ ಕೊಟ್ಟಿದ್ದರು. ಎಣಿಕೆಯಲ್ಲಿ ನೂರಕ್ಕೆ ನೂರು. ಮಂತ್ರಿಯ ಉತ್ತರಗಳನ್ನು ಎಣಿಸುವುದರಿಂದ ಏನೂ ಸಿಗುವುದಿಲ್ಲ, ದಿನಾಂಕದ ಪ್ರಕಾರ ಜೋಡಿಸಿ ಓದಬೇಕು. ಒಂದೇ ವಿಷಯಕ್ಕೆ ಮೊದಲ ಸಲ ಏನಂದರು, ಎರಡನೇ ಸಲ ಏನಂದರು, ನಡುವೆ ಯಾವ ಮಾತು ಸದ್ದಿಲ್ಲದೆ ಕಳಚಿಹೋಯಿತು ಅಂತ ನೋಡಬೇಕು. ಪಾಸ್‌ಬುಕ್ ನೋಡುವಾಗ ಎಂಟ್ರಿಗಳು ಎಷ್ಟಿವೆ ಅಂತ ಯಾರೂ ನೋಡುವುದಿಲ್ಲ, ಬ್ಯಾಲೆನ್ಸ್ ಸರಿ ಇದೆಯೇ ಅಂತ ನೋಡುತ್ತೇವೆ.

ಆಮೇಲೆ ಏನಾಯಿತು ಅಂತ ಕೇಳುವಿರೇನೋ. ಕೃಷ್ಣಮಾಚಾರಿ 1962ರಲ್ಲಿ ಸಂಪುಟಕ್ಕೆ ಮರಳಿದರು, 1963ರಲ್ಲಿ ಮತ್ತೆ ಹಣಕಾಸು ಮಂತ್ರಿಯಾದರು. ಸರ್ಕಾರಿ ಸೇವೆ ಬಿಟ್ಟ ಎಚ್.ಎಂ. ಪಟೇಲ್ ರಾಜಕೀಯಕ್ಕೆ ಬಂದು, 1977ರ ಜನತಾ ಸರ್ಕಾರದಲ್ಲಿ ತಾವೇ ಹಣಕಾಸು ಮಂತ್ರಿಯಾಗಿ ಅದೇ ಸದನದಲ್ಲಿ ಉತ್ತರ ಕೊಡಲು ನಿಂತರು. ಕಾಲ ಹೇಗೆ ತಿರುಗುತ್ತದೆ ನೋಡಿ. ಫಿರೋಜ್ ಗಾಂಧಿ 1960ರ ಸೆಪ್ಟೆಂಬರಿನಲ್ಲಿ, ಇನ್ನೂ 48 ತುಂಬುವ ಮೊದಲೇ ತೀರಿಕೊಂಡರು. ಅವರು ತಂದ ಪತ್ರಿಕಾ ರಕ್ಷಣೆಯ ಕಾಯ್ದೆಯನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರ ಪತ್ನಿಯ ಸರ್ಕಾರವೇ ರದ್ದು ಮಾಡಿತು. 1977ರಲ್ಲಿ ಅದು ಮತ್ತೆ ಜಾರಿಗೆ ಬಂತು.

ಆಗ ಈ ಕೆಲಸಕ್ಕೆ ಫಿರೋಜ್ ಗಾಂಧಿಯಂಥವರೇ ಬೇಕಿತ್ತು. ಈಗ 1952ರಿಂದ ಇತ್ತೀಚಿನವರೆಗಿನ ಲೋಕಸಭೆಯ ಚರ್ಚೆಗಳನ್ನು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಮನೆಯಲ್ಲೇ ಕೂತು ಓದಬಹುದು. ಎಲ್ಲ ಮಂತ್ರಿ, ಎಲ್ಲ ವಿಷಯ ಬೇಡ. ನಿಮಗೆ ಸಂಬಂಧಪಟ್ಟ ಒಂದೇ ವಿಷಯ ಹಿಡಿಯಿರಿ. ಪಿಂಚಣಿಯೋ, ಬೆಳೆವಿಮೆಯೋ, ಊರಿನ ರೈಲೋ. ಉತ್ತರಗಳನ್ನು ತಾರೀಖಿನ ಪ್ರಕಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೂರನೇ ಉತ್ತರಕ್ಕೆ ಬರುವಷ್ಟರಲ್ಲಿ ತಾಳೆ ಆಗುತ್ತದೋ ಇಲ್ಲವೋ ನಿಮಗೇ ತಿಳಿಯುತ್ತದೆ.

ಮೊನ್ನೆ ಆ ಗೆಳೆಯರಿಗೆ ಫೋನ್ ಮಾಡಿ ಇಷ್ಟೆಲ್ಲ ಹೇಳಿದೆ. ಕೇಳಿಸಿಕೊಂಡು, "ಅಂದ್ರ ನಿವೃತ್ತಿ ಆದ ಮ್ಯಾಲೂ ನಂಗ ಲೆಡ್ಜರ್ ಬರಿಯೂದು ತಪ್ಪಲಿಲ್ಲ ಅನ್ರಿ" ಅಂದು ನಕ್ಕರು. ನೋಟ್‌ಬುಕ್ ತಂದಿದ್ದಾರಂತೆ. ಮೊದಲ ಪುಟಕ್ಕೆ ಯಾವ ವಿಷಯ ಅಂತ ಮಾತ್ರ ಇನ್ನೂ ಹೇಳಿಲ್ಲ.