ಅರಸನ ಗಾಳ, ಊರಿನ ಬಲೆ

ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಬೆಳೆದ ನಮ್ಮಂಥವರಿಗೆ ಸಮುದ್ರವೆಂಬುದು ಬಹುಮಟ್ಟಿಗೆ ಪುಸ್ತಕದ ವಸ್ತು. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಅದಕ್ಕೆ ಸ್ಥಾನವುಂಟು. ತೆರೆ, ನೊರೆ, ಮುತ್ತು, ಮಕರ ಎಲ್ಲವೂ ಅಲ್ಲಿ ಬರುತ್ತವೆ. ದಡದ ಮರಳಿನಲ್ಲಿ ನಿಂತು ಮೀನು ಹಿಡಿಯುವ ಮನುಷ್ಯ ಮಾತ್ರ ಅಪರೂಪ. ಈ ವಿಷಯದಲ್ಲಿ ಕವಿಗಳಿಗಿಂತ ಕೋಶಕಾರರೇ ಉದಾರಿಗಳು. ಅಮರಕೋಶದ ವಾರಿವರ್ಗವನ್ನು ತೆರೆದರೆ ಕೈವರ್ತ, ದಾಶ, ಧೀವರ ಎಂದು ಬೆಸ್ತನಿಗೆ ಮೂರು ಹೆಸರು. ಬಲೆಗೆ ಆನಾಯ, ಗಾಳಕ್ಕೆ ಬಡಿಶ, ಮೀನು ತುಂಬುವ ಬುಟ್ಟಿಗೆ ಕುವೇಣಿ. ಬುಟ್ಟಿಗೂ ಒಂದು ಹೆಸರನ್ನು ನೆನಪಿಟ್ಟವನು ಮೀನುಗಾರಿಕೆಯನ್ನು ಚೆನ್ನಾಗಿ ನೋಡಿದ್ದವನೇ ಇರಬೇಕು.

ಗೆಳೆಯರೊಡನೆ ಕೂಡಿ ಮೀನು ಹಿಡಿಯುವುದನ್ನು ಒಂದು ವಿನೋದವೆಂದು ಎಣಿಸಿ ಅದರ ವಿಧಾನವನ್ನು ಬರೆದಿಟ್ಟವನು ಕನ್ನಡ ನಾಡಿನ ಒಬ್ಬ ಚಕ್ರವರ್ತಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಕಲ್ಯಾಣದ ಚಾಲುಕ್ಯರಲ್ಲಿ ಆರನೆಯ ವಿಕ್ರಮಾದಿತ್ಯನ ಮಗ, ಭೂಲೋಕಮಲ್ಲನೆಂಬ ಬಿರುದಿನ ಮೂರನೆಯ ಸೋಮೇಶ್ವರ 1127ರಲ್ಲಿ ಪಟ್ಟಕ್ಕೆ ಬಂದನು. ಸುಮಾರು 1130ರ ವೇಳೆಗೆ ಸಂಸ್ಕೃತದಲ್ಲಿ ಸಿದ್ಧವಾದ ಅವನ ಮಾನಸೋಲ್ಲಾಸದಲ್ಲಿ ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಿವೆ. ಅವುಗಳಲ್ಲಿ ವಿನೋದವಿಂಶತಿಯ ಒಂದು ಭಾಗವೇ ಮತ್ಸ್ಯವಿನೋದ. ದಾರ ಎಂಥದಿರಬೇಕು, ಕೋಲು ಎಂಥದು, ಗಾಳ ಹೇಗಿರಬೇಕು, ಯಾವ ಮೀನಿಗೆ ಯಾವ ಆಹಾರ ಒಡ್ಡಬೇಕು ಎಂಬುದೆಲ್ಲ ಅಲ್ಲಿದೆ. ಹೊಳೆಯ ಮೀನು, ಕಡಲಿನ ಮೀನು ಎಂಬ ವಿಂಗಡಣೆಯೂ ಉಂಟು. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಭಾಗವನ್ನು ಕುರಿತು ವಿದ್ವತ್ ಲೇಖನವೊಂದನ್ನು ಪ್ರಕಟಿಸಿ ಮೀನಿನ ಶಾಸ್ತ್ರ ಬಲ್ಲವರ ಕಣ್ಣಿಗೆ ಅದನ್ನು ಬೀಳಿಸಿದರು. ಕಲ್ಯಾಣದಿಂದ ಕಡಲು ಬಹು ದೂರ. ಆದರೆ ಗೋವೆಯ ಕದಂಬರೂ ತುಳುನಾಡಿನ ಆಳುಪರೂ ಚಾಲುಕ್ಯರ ಸಾಮಂತರಾಗಿದ್ದುದರಿಂದ ಅರಸನಿಗೆ ಕಡಲ ಮೀನಿನ ಪರಿಚಯವಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದು ಅರಸನ ಮಾತಾಯಿತು. ಹಸಿವಿಲ್ಲದವನು ಗಾಳ ಹಿಡಿದರೆ ಅದು ವಿನೋದ. ಅರಸನ ಕಡೆಯ ಈ ಆಟ ಎಂಟುನೂರು ವರ್ಷಗಳ ಮೇಲೂ ಪುಸ್ತಕದಲ್ಲಿ ಉಳಿದಿದೆ. ಅದಕ್ಕಿಂತ ದೊಡ್ಡದಾದ, ಊರಿಗೆ ಊರೇ ಸೇರಿ ದಡದಲ್ಲಿ ನಡೆಸುತ್ತಿದ್ದ ಒಂದು ಕೆಲಸ ನಮ್ಮ ಕಾಲದಲ್ಲೇ ಬಹುಮಟ್ಟಿಗೆ ನಿಂತುಹೋಯಿತು. ಅದಕ್ಕೆ ಮಾನಸೋಲ್ಲಾಸದಂಥ ಗ್ರಂಥವಿಲ್ಲ. ಅದೇ ರಂಪಣಿ.

ಮಂಗಳೂರಿನಿಂದ ಕಾರವಾರದವರೆಗೆ, ಅದರಾಚೆ ಗೋವೆಯಲ್ಲಿಯೂ, ಮಳೆಗಾಲ ಕಳೆದ ಮೇಲೆ ರಂಪಣಿಯ ಕಾಲ. ಮೊಗವೀರರೂ ಖಾರ್ವಿಗಳೂ ಹರಿಕಂತ್ರರೂ ಇದರಲ್ಲಿ ನಿಪುಣರು. ಬಲೆ ಒಬ್ಬನದಲ್ಲ. ಪಾಲುಗಾರರು ತಮ್ಮ ತಮ್ಮ ತುಂಡುಗಳನ್ನು ತರುತ್ತಿದ್ದರು. ತುಂಡುಗಳನ್ನು ಜೋಡಿಸಿದರೆ ಬಲೆ ಅರ್ಧ ಮೈಲಿಗೂ ಮೀರುತ್ತಿತ್ತು. ನೀರಿನ ಬಣ್ಣ, ಹಕ್ಕಿಗಳ ಸುಳಿದಾಟ ನೋಡಿ ಅನುಭವಸ್ಥನೊಬ್ಬನು ಮೀನಿನ ಹಿಂಡು ಬಂದುದನ್ನು ಗುರುತಿಸಿ ಕೂಗುತ್ತಿದ್ದನು. ಹಗ್ಗದ ಒಂದು ತುದಿಯನ್ನು ದಡದವರ ಕೈಗೆ ಕೊಟ್ಟು ದೊಡ್ಡ ದೋಣಿ ಹೊರಡುವುದು, ಬಲೆಯನ್ನು ಬಿಡುತ್ತ ಹಿಂಡನ್ನು ಅರ್ಧಚಂದ್ರದಂತೆ ಬಳಸುವುದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುವುದು. ಆಮೇಲೆ ಎರಡು ಕಡೆಯಿಂದಲೂ ಎಳೆತ. ಎಂಬತ್ತು, ನೂರು ಜನ ಹಗ್ಗಕ್ಕೆ ನಿಂತರೂ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಹಿಂಡು ಬಹಳ ದೊಡ್ಡದಾದರೆ ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಬೇಕಾದಷ್ಟನ್ನೇ ದಿನದಿನವೂ ತೆಗೆಯುವುದೂ ಉಂಟಾಗಿತ್ತು.

ಬರುತ್ತಿದ್ದುದು ಮುಖ್ಯವಾಗಿ ಬಂಗುಡೆ ಮತ್ತು ಬೂತಾಯಿ. ಈ ಬೂತಾಯಿ ತುಳುವಿನ ಮಾತು. ಕುಂದಾಪುರದ ಕಡೆ ಅದೇ ಮೀನು ಬೈಗೆ, ಉತ್ತರ ಕನ್ನಡದಲ್ಲಿ ತಾರ್ಲೆ. ಕೋಶ ಬರೆಯುವವರು ಇಂಥ ಮಾತುಗಳಿಗಾಗಿ ಮೀನುಪೇಟೆಗೆ ಹೋಗಬೇಕು. ಕಡಲು ಪ್ರತಿವರ್ಷ ಕೊಟ್ಟೇ ಕೊಡುತ್ತದೆಂದಲ್ಲ: 1940ರ ದಶಕದಲ್ಲಿ ಪಶ್ಚಿಮ ಕರಾವಳಿಗೆ ಬೂತಾಯಿ ಬರುವುದೇ ಬಹಳ ಕಡಿಮೆಯಾಗಿ ಜನ ಕಷ್ಟಪಟ್ಟರು.

ಹಂಚಿಕೆಯ ಕ್ರಮ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು. ದೋಣಿಗೆ ಒಂದು ಪಾಲು, ಬಲೆಯ ತುಂಡುಗಳಿಗೆ ಪಾಲು, ದುಡಿದ ಮೈಗೆ ಪಾಲು. ಅದಲ್ಲದೆ ದಾರಿಯಲ್ಲಿ ಹೋಗುತ್ತಿದ್ದವನು ನಿಂತು ಹಗ್ಗಕ್ಕೆ ಕೈ ಹಚ್ಚಿದರೆ ಅವನಿಗೂ ಒಂದಿಷ್ಟು ಮೀನು ಸಿಕ್ಕುತ್ತಿತ್ತು. ಗೆಳೆಯರು, ನೆಂಟರು, ಶಾಲೆ ತಪ್ಪಿಸಿಕೊಂಡ ಹುಡುಗರು (ಉಪಾಧ್ಯಾಯನಾದ ನಾನು ಇದನ್ನು ಹೊಗಳಬಾರದು) ಎಲ್ಲರಿಗೂ ಅದು ದುಡಿಮೆಯೂ ಹೌದು, ಜಾತ್ರೆಯೂ ಹೌದು. ಬುಟ್ಟಿ ಹೊತ್ತ ಹೆಂಗಸರು ಮರಳಿನ ಮೇಲೆಯೇ ವ್ಯಾಪಾರ ಕುದುರಿಸಿ ಊರೊಳಕ್ಕೆ ನಡೆಯುತ್ತಿದ್ದರು.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದಿತು. ಯಂತ್ರದ ದೋಣಿ ಹಿಂಡನ್ನು ಸುತ್ತುವರಿದು, ಚೀಲದ ಬಾಯಿ ಬಿಗಿದಂತೆ ಬಲೆಯ ತಳವನ್ನು ಬಿಗಿಯುವ ಏರ್ಪಾಡು ಅದು. ಹಿಂಡು ದಡದ ಬಳಿಗೆ ಬರುವ ಮೊದಲೇ ಕಡಲಿನಲ್ಲಿಯೇ ಮುಗಿದುಹೋಗುತ್ತಿತ್ತು. ಗೋವೆಯ ರಂಪಣಕಾರರು ಚಳವಳಿ ಹೂಡಿದರು. ನಮ್ಮ ಕರಾವಳಿಯಲ್ಲಿ ಎಷ್ಟೋ ರಂಪಣಿಯ ಪಾಲುಗಾರರು ತಾವೇ ಗುಂಪು ಕಟ್ಟಿ, ಸಾಲ ಎತ್ತಿ, ಪರ್ಸೀನ್ ದೋಣಿ ಕೊಂಡರು. ಅವರನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಮೀನು ಎಲ್ಲಿದೆಯೋ ಮೀನುಗಾರ ಅಲ್ಲಿಗೆ ಹೋಗಬೇಕು. ಕರ್ನಾಟಕದ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆ ಆದದ್ದು 1986ರಲ್ಲಿ. ಅಷ್ಟು ಹೊತ್ತಿಗೆ ದೊಡ್ಡ ರಂಪಣಿಯ ಕಾಲ ಮುಗಿದೇ ಹೋಗಿತ್ತು. ಪರ್ಸೀನ್ ದೋಣಿಗೆ ದೊಡ್ಡ ರಂಪಣಿಯಷ್ಟು ಕೈಗಳು ಬೇಡ. ದಾರಿಹೋಕನಿಗೆ ಅಲ್ಲಿ ಹಗ್ಗವೂ ಇಲ್ಲ, ಪಾಲೂ ಇಲ್ಲ.

ಚಿಕ್ಕ ಬಲೆಯ ಕೈರಂಪಣಿ ಮಾತ್ರ ಇಂದಿಗೂ ಉಳಿದಿದೆ. ಕೆಲವು ವರ್ಷಗಳ ಹಿಂದೆ ಪ್ರವಾಸಕ್ಕೆಂದು ನಮ್ಮ ಮಕ್ಕಳನ್ನು ಮಲ್ಪೆಯ ಕಡೆಗೆ ಕರೆದುಕೊಂಡು ಹೋಗಿದ್ದಾಗ, ಇಪ್ಪತ್ತು ಮೂವತ್ತು ಮಂದಿ ಹಗ್ಗ ಎಳೆಯುತ್ತಿದ್ದರು. ಹೆಚ್ಚಿನವರು ಅರವತ್ತು ದಾಟಿದವರು. ಹುಡುಗರು ಕೇಳದೆಯೇ ಹೋಗಿ ಹಗ್ಗ ಹಿಡಿದರು. ಅಂದು ಬಲೆಯಲ್ಲಿ ಬಿದ್ದದ್ದು ಬಹಳ ಸ್ವಲ್ಪ. ಆದರೂ ಹಿರಿಯರೊಬ್ಬರು ಒಂದು ಹಿಡಿ ಬಂಗುಡೆಯನ್ನು ಎಲೆಯಲ್ಲಿ ಸುತ್ತಿ, "ತಕೊಳ್ಳಿ ಮಾಷ್ಟ್ರೇ, ಮಕ್ಕಳ ಪಾಲು" ಎಂದರು. ನಾನು ಮೀನು ತಿನ್ನುವವನಲ್ಲ. ಎರಡೂ ಕೈಯೊಡ್ಡಿ ತೆಗೆದುಕೊಂಡು, ನಾವು ಇಳಿದುಕೊಂಡಿದ್ದ ಮನೆಯವರಿಗೆ ಒಪ್ಪಿಸಿದೆ.