ಅಚ್ಚಿನ ಅಕ್ಷರದ ಒಡೆತನ

ಸವದತ್ತಿಗೆ ಹೋಗುವ ಯಾತ್ರಿಕರಲ್ಲಿ ಹೆಚ್ಚಿನವರು ಎಲ್ಲಮ್ಮನ ಗುಡ್ಡವನ್ನೇರಿ ದರ್ಶನ ತೀರಿಸಿಕೊಂಡು ಮರಳುವರು. ಆ ಊರು ಒಂದು ಕಾಲಕ್ಕೆ ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟ ಮಹಾಮಂಡಲೇಶ್ವರರ ರಾಜಧಾನಿಯಾಗಿದ್ದಿತೆಂಬುದನ್ನೂ, ಅಲ್ಲಿ ಕ್ರಿ. ಶ. 980ರ ಮತ್ತು 1228ರ ಶಿಲಾಶಾಸನಗಳು ದೊರೆತಿರುವವೆಂಬುದನ್ನೂ ನೆನೆಯುವವರು ಕೆಲವರೇ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಜೆ. ಎಫ್. ಫ್ಲೀಟ್ ಸಾಹೇಬರು ಈ ಶಾಸನಗಳನ್ನು ಓದಿ ಪ್ರಕಟಿಸಿದರು. ಇತಿಹಾಸಜ್ಞರು ಅವುಗಳಿಂದ ಅರಸರ ವಂಶಾವಳಿಯನ್ನು ನಿಶ್ಚಯಿಸಿದರು. ನಾವಾದರೋ ಈ ಲೇಖನದಲ್ಲಿ ಆ ಕಲ್ಲುಗಳ ಮುಂದೆ ನಿಂತು ಬೇರೊಂದು ಪ್ರಶ್ನೆಯನ್ನು ಕೇಳಬೇಕೆಂದಿರುವೆವು. ಅಕ್ಷರದ ಆಕಾರವು ಯಾರ ಸ್ವತ್ತು?

ಕಲ್ಲಿನ ಕಾಲದಲ್ಲಿ ಈ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಒಬ್ಬ ರೂವಾರಿಯ ಅಕ್ಷರದ ಸೊಗಸನ್ನು ಕಂಡು ಇನ್ನೊಬ್ಬನು ತನ್ನ ಉಳಿಯಿಂದ ಅದನ್ನು ಅನುಕರಿಸಿದರೆ ತಡೆಯುವವರಾರೂ ಇರಲಿಲ್ಲ. ತಾಳೆಗರಿಯ ಮಾತೂ ಹಾಗೆಯೇ. ರಾಮದುರ್ಗಕ್ಕೆ ಅನತಿದೂರದ ಮುಧೋಳದ ಸೀಮೆಯಲ್ಲಿ ಹುಟ್ಟಿದ ರನ್ನಕವಿಯು ತನಗೆ ಆಶ್ರಯವಿತ್ತ ಅತ್ತಿಮಬ್ಬೆಯನ್ನು ಕೊಂಡಾಡಿರುವನು. ಆ ದಾನಚಿಂತಾಮಣಿಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸುಪ್ರಸಿದ್ಧವು. ಅದಕ್ಕೆ ಶಾಸ್ತ್ರದಾನವೆಂದು ಹೆಸರು. ಆ ಪ್ರತಿಯನ್ನು ಪಡೆದವನು ಓದಬಹುದಾಗಿತ್ತು, ತಾನೂ ಪ್ರತಿಮಾಡಬಹುದಾಗಿತ್ತು, ಮತ್ತೊಬ್ಬನಿಗೆ ಕೊಡಬಹುದಾಗಿತ್ತು.

ಅಚ್ಚುಮೊಳೆಯು ಬಂದಮೇಲೆ ಸ್ಥಿತಿಯು ಬದಲಾಯಿತು. ಕಿತ್ತೂರಿನ ಕಾಳಗಕ್ಕೆ ಏಳು ವರ್ಷ ಮೊದಲು, 1817ರಲ್ಲಿ, ದೂರದ ಬಂಗಾಲದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಅಚ್ಚಾಯಿತು. ಮೊಳೆ ಮಾಡುವ ಕೆಲಸವು ಸುಲಭವಾದುದಲ್ಲ. ಉಕ್ಕಿನ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆದು, ಅದನ್ನು ತಾಮ್ರದಲ್ಲಿ ಒತ್ತಿ ಅಚ್ಚನ್ನು ಪಡೆದು, ಆ ಅಚ್ಚಿನಲ್ಲಿ ಕರಗಿದ ಸೀಸವನ್ನು ಎರೆಯಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳ ದೊಡ್ಡ ಸಣ್ಣ ರೂಪಗಳು ಸಾಕು; ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರಗಳು ಸೇರಿ ನೂರಾರು ಮೊಳೆಗಳು ಬೇಕು. 1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗರು ಆರಂಭಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಹೊರಟಿತು. ಮೂಲ ಅಚ್ಚು ಎರಕದವನ ವಶದಲ್ಲಿ, ಮೊಳೆಯು ಮುದ್ರಣಾಲಯದವನ ವಶದಲ್ಲಿ. ಬರೆಯುವವನು ಇಬ್ಬರ ಬಾಗಿಲಲ್ಲಿಯೂ ನಿಲ್ಲಬೇಕಾಯಿತು.

ನಮ್ಮ ಸೀಮೆಯಲ್ಲಿ ಇದರ ಬಿಸಿ ತಟ್ಟಿದ್ದು ಹೆಚ್ಚು. ಕಿತ್ತೂರು ಬಿದ್ದು, ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ನಂತರದ ದಶಕಗಳಲ್ಲಿ, ಮುಂಬಯಿ ಇಲಾಖೆಯ ಈ ಭಾಗದ ಶಾಲೆಗಳಲ್ಲಿ ಮರಾಠಿಯೇ ಮೇಲಾಗಿದ್ದಿತು. ಡೆಪ್ಯುಟಿ ಚೆನ್ನಬಸಪ್ಪನವರಂಥವರ (1834–1881) ಪ್ರಯತ್ನದಿಂದ ಕನ್ನಡ ಶಾಲೆಗಳು ಹೆಚ್ಚಿದವು; ಶಾಲೆ ಹೆಚ್ಚಿದಂತೆ ಪುಸ್ತಕ, ಪುಸ್ತಕಕ್ಕೆ ಮೊಳೆ ಬೇಕಾಯಿತು. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಮುಂದಿನ ಕಾರ್ಯಕ್ಕಾಗಿ ಅವರು ಮನೆಯನ್ನು ಮಾರಿ 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ವಚನಗಳು ಜನರ ಸೊತ್ತು. ಅವುಗಳನ್ನು ಜನರಿಗೆ ಮುಟ್ಟಿಸುವ ಮೊಳೆಗಳಿಗೆ ಮನೆಯೇ ಬೆಲೆಯಾಯಿತು.

ಗಣಕಯಂತ್ರವು ಬಂದಾಗ ಸೀಸದ ಭಾರವೇನೋ ಇಳಿಯಿತು. ಆದರೆ ಹೊಸದೊಂದು ಕಷ್ಟವು ಬೆನ್ನು ಹತ್ತಿತು. ಆರಂಭದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂಡ್ರಿಸಿದ್ದವು; ಒಬ್ಬೊಬ್ಬರದು ಒಂದೊಂದು ಕ್ರಮ. ಒಂದರಲ್ಲಿ ಬರೆದುದನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯೇ ಕಾಣುವದು. 1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ವೂ, ತರುವಾಯ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬೆಲೆಯಿಲ್ಲದೆ ಜನರ ಕೈಸೇರಿ ಮಹದುಪಕಾರ ಮಾಡಿದವು. 1991ರ ಯುನಿಕೋಡ್ ನಿಯಮವು ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಜಗತ್ತೆಲ್ಲ ಒಪ್ಪುವ ಒಂದೊಂದು ಸಂಖ್ಯೆಯನ್ನು ಕೊಟ್ಟಿದ್ದಿತು. ಅದು ಬಳಕೆಗೆ ಬಂದಂತೆ ಈ ಗೊಂದಲವು ಕಡಿಮೆಯಾಗುತ್ತ ಬಂದಿತು.

ಇಲ್ಲಿ ಒಂದು ಭೇದವನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಬೆಲೆಯಿಲ್ಲದೆ ಸಿಕ್ಕುವದು ಬೇರೆ, ಬಂಧನವಿಲ್ಲದೆ ಸಿಕ್ಕುವದು ಬೇರೆ. ಬಿಟ್ಟಿಯಾಗಿ ಕೊಟ್ಟ ಫಾಂಟನ್ನು ತಿದ್ದುವ ಅಧಿಕಾರವು ಕೊಟ್ಟವನಲ್ಲಿಯೇ ಉಳಿದರೆ, ಅವನು ಕೈಬಿಟ್ಟ ದಿನ ಅದೂ ಸಾಯುವದು. 2005ರಲ್ಲಿ ಎಸ್‌ಐಎಲ್ ಸಂಸ್ಥೆಯು ಹೊರಡಿಸಿದ ‘ಓಪನ್ ಫಾಂಟ್ ಲೈಸೆನ್ಸ್’ ಎಂಬ ಅನುಮತಿಪತ್ರವು ಈ ಗಂಟನ್ನು ಬಿಡಿಸಿತು. ಅದರಂತೆ ಫಾಂಟನ್ನು ಯಾರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಆದರೆ ಫಾಂಟನ್ನಷ್ಟೇ ಬಿಡಿಯಾಗಿ ಮಾರಕೂಡದು, ತಿದ್ದಿದವನು ತನ್ನ ತಿದ್ದುಪಡಿಯನ್ನೂ ಅದೇ ಕರಾರಿನ ಮೇಲೆ ಕೊಡಬೇಕು. ಅತ್ತಿಮಬ್ಬೆಯ ದಾನಧರ್ಮವೇ ಕಾಯಿದೆಯ ಮಾತಿನಲ್ಲಿ ಮರಳಿ ಬಂದಿತೆನ್ನಬಹುದು. ಇಂಥ ಮುಕ್ತ ಫಾಂಟುಗಳಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಹೆಸರುಗಳು ನವಿಲುತೀರ್ಥದ ನೀರು ಕುಡಿಯುವ ನಮಗೆ ವಿಶೇಷ ಪ್ರಿಯವಾದವು. ಎರಿನ್ ಮೆಕ್‌ಲಾಫ್ಲಿನ್ ಎಂಬ ಅಮೇರಿಕದ ವಿನ್ಯಾಸಕಿಯು ಒಂದೇ ದಪ್ಪದ ಗೆರೆಯಿಂದ ರಚಿಸಿದ ಕನ್ನಡ ಫಾಂಟಿಗೆ ‘ಹುಬ್ಬಳ್ಳಿ’ ಎಂದು ಹೆಸರಿಟ್ಟಿರುವಳು. 2022ರಲ್ಲಿ ಏಕ್ ಟೈಪ್ ಬಳಗದವರು ಹತ್ತು ಲಿಪಿಗಳಲ್ಲಿ ಹೊರತಂದ ‘ಅನೇಕ್’ ಮಾಲೆಯಲ್ಲಿ ಕನ್ನಡವೂ ಸೇರಿರುವದು.

ಈ ಹೊಸ ಅಕ್ಷರಗಳ ಸರಳ ರೂಪಕ್ಕೆ ಯುರೋಪದಲ್ಲಿ ಒಂದು ಪೂರ್ವಚರಿತ್ರೆಯುಂಟು. 1927ರಲ್ಲಿ ಜರ್ಮನಿಯ ಪೌಲ್ ರೆನ್ನರ್ ಎಂಬಾತನು ಕೈವಾರ, ಅಳತೆಪಟ್ಟಿಗಳ ರೇಖಾಗಣಿತದ ಮೇಲೆ ‘ಫ್ಯೂಚುರಾ’ ಎಂಬ ಮೊಳೆಯನ್ನು ರಚಿಸಿದನು. ಅವನು ಮೊದಲು ಬರೆದ ಅತಿ ಜ್ಯಾಮಿತಿಯ ಕೆಲವು ಅಕ್ಷರಗಳನ್ನು ಓದಿಗಾಗಿ ಕೈಬಿಡಬೇಕಾಯಿತು. ಕನ್ನಡಕ್ಕೆ ಈ ಪಾಠವು ಇನ್ನೂ ಅವಶ್ಯವು. ನಮ್ಮ ಲಿಪಿಯು ದುಂಡಾದುದರಿಂದ ಕೈವಾರಕ್ಕೆ ಒಗ್ಗುವದೆಂದು ತೋರುವದು. ಆದರೆ ಪೂರ್ಣ ವೃತ್ತವಾಗಿ ನಿಲ್ಲುವದು ಸೊನ್ನೆಯೊಂದೇ. ‘ರ’ಕ್ಕೂ ‘ಠ’ಕ್ಕೂ ಒಳಗಿನ ಒಂದು ಚುಕ್ಕೆಯ ಅಂತರ, ‘ದ’ಕ್ಕೂ ‘ಧ’ಕ್ಕೂ ಅಡಿಯ ಸೀಳಿನ ಅಂತರ, ‘ಪ’ಕ್ಕೂ ‘ಷ’ಕ್ಕೂ ಒಳಗೀರಿನ ಅಂತರ. ಎಲ್ಲವನ್ನೂ ಒಂದೇ ವೃತ್ತಕ್ಕೆ ಇಳಿಸಿದರೆ ಈ ಗುರುತುಗಳು ಸಣ್ಣ ಅಳತೆಯಲ್ಲಿ ಮುಚ್ಚಿಹೋಗುವವು. ಅಡಿಯ ಒತ್ತಕ್ಷರವು ದಪ್ಪಗೆರೆಯಲ್ಲಿ ಕಲೆಸಿಹೋಗುವದು. ಫಾಂಟು ಮುಕ್ತವಾಗಿದ್ದರೆ ಇಂಥ ದೋಷವನ್ನು ಕಂಡ ಶಾಲೆಯ ಮಾಸ್ತರನೂ ತಿದ್ದಿಸಬಹುದು. ಮುಚ್ಚಿದ ಫಾಂಟಿನಲ್ಲಿ ಅವನಿಗೆ ದೂರುವ ಅಧಿಕಾರ ಮಾತ್ರ ಉಳಿಯುವದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಎಷ್ಟೋ ಸಂಘಗಳ ವರದಿಗಳೂ, ಜಾತ್ರೆಯ ಸ್ಮರಣಸಂಚಿಕೆಗಳೂ, ಮನೆತನಗಳ ಬರಹಗಳೂ ಹಳೆಯ ಕ್ರಮದ ಫಾಂಟುಗಳಲ್ಲಿಯೇ ಸೆರೆಯಾಗಿರುವವು. ಸುಗಂಧವರ್ತಿಯ ಕಲ್ಲನ್ನು ಸಾವಿರ ವರ್ಷಗಳ ತರುವಾಯವೂ ಓದಲಾಯಿತು. ಇಪ್ಪತ್ತೇ ವರ್ಷಗಳ ಹಿಂದಿನ ನಮ್ಮ ಬರಹವನ್ನು ನಮ್ಮ ಮಕ್ಕಳು ಓದಲಾರದಿದ್ದರೆ ಅದಕ್ಕಿಂತ ನಾಚಿಕೆಗೇಡು ಯಾವುದು? ಅವುಗಳನ್ನು ಯುನಿಕೋಡಿಗೆ ಪರಿವರ್ತಿಸುವ ಸಾಧನಗಳು ಸಿದ್ಧವಾಗಿರುವವು. ಮನೆಯಲ್ಲಿ ಕಲಿತ ಮಗನೋ ಮಗಳೋ ಒಬ್ಬರಿದ್ದರೆ, ಈ ಬೇಸಿಗೆಯ ರಜೆಯಲ್ಲಿಯೇ ಅಜ್ಜನ ಬರಹದಿಂದ ಆ ಕೆಲಸಕ್ಕೆ ತೊಡಗಲಿ.